ನದಿಗಳ ತವರಿನಲ್ಲಿ ಒಂದು ದಿನ

ಬೆಂಗಳೂರಿನವರಿಗೆ ನಂದಿಬೆಟ್ಟ ಹೊಸತಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ, ಮಕ್ಕಳು ನಡೆಯಲು ಕಲಿತ ಮೇಲೆ ಒಮ್ಮೆ, ಅನಂತರ ದೂರದ ಊರಿನಿಂದ ನೆಂಟರು ಬಂದಾಗಲೆಲ್ಲ ಒಮ್ಮೊಮ್ಮೆ ಹತ್ತಿ ಬರುವ ಬೆಟ್ಟ ಅದು. ನಸುಕಿನಲ್ಲಿ ಹೋಗಿ, ಮಂಜಿನಲ್ಲಿ ನಡುಗಿ, ಕಾಫಿ ಕುಡಿದು, ತಿಂಡಿಯ ಪೊಟ್ಟಣವನ್ನು ಕೋತಿಗಳಿಗೆ ಒಪ್ಪಿಸಿ, ಬಿಸಿಲೇರುವ ಮೊದಲೇ ಹಿಂದಿರುಗುವುದು ವಾಡಿಕೆ. ಬೆಟ್ಟವನ್ನು ಕಂಡವರು ಬಹು ಮಂದಿ. ಬೆಟ್ಟದ ಬುಡದಲ್ಲಿ ಹರಡಿಕೊಂಡಿರುವ ಚಿಕ್ಕಬಳ್ಳಾಪುರದ ಸೀಮೆಯನ್ನು ಒಂದು ದಿನವಾದರೂ ಸಾವಧಾನವಾಗಿ ನೋಡಿದವರು ಕಡಿಮೆ.

ಮಾಗಿಯ ಒಂದು ಭಾನುವಾರ ಹೆಬ್ಬಾಳದ ಕೆರೆಯ ಸಮೀಪದ ಮನೆಯೊಂದರಿಂದ ನಾಲ್ವರು ಈ ಉದ್ದೇಶದಿಂದಲೇ ಹೊರಟರು. ಮನೆಯ ಹಿರಿಯರು ನಿವೃತ್ತ ಉಪಾಧ್ಯಾಯರು. ಜೊತೆಗೆ ಮಗ, ಸೊಸೆ ಮತ್ತು ನಾಲ್ಕನೆಯ ತರಗತಿಯಲ್ಲಿ ಓದುವ ಮೊಮ್ಮಗಳು. ಪ್ರವಾಸದ ಹುರುಪೆಲ್ಲ ಆ ಹುಡುಗಿಯದು. ನಂದಿಬೆಟ್ಟದ ಸೀಮೆಯಲ್ಲಿ ಐದು ನದಿಗಳು ಹುಟ್ಟುತ್ತವೆಂದು ತಾತ ಹಿಂದಿನ ರಾತ್ರಿ ಹೇಳಿದ್ದರು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಅರ್ಕಾವತಿ. ಐದು ಹೆಸರುಗಳನ್ನೂ ಅವಳು ಬಾಯಿಪಾಠ ಮಾಡಿದ್ದಳು. ಐದರಲ್ಲಿ ಒಂದರೊಳಗಾದರೂ ಇಳಿದು ಆಡಬೇಕೆಂದು, ತಾಯಿಯನ್ನು ಕಾಡಿ, ಬದಲಾಯಿಸಿಕೊಳ್ಳಲು ಇನ್ನೊಂದು ಲಂಗವನ್ನು ಚೀಲದಲ್ಲಿ ಇರಿಸಿಕೊಂಡಿದ್ದಳು.

ದೇವನಹಳ್ಳಿಯನ್ನು ದಾಟಿ ಎಡಕ್ಕೆ ತಿರುಗಿದೊಡನೆ ನಗರದ ಸದ್ದು ಹಿಂದೆ ಬೀಳುತ್ತದೆ. ದಾರಿಯ ಎರಡು ಪಕ್ಕಗಳಲ್ಲಿಯೂ ದ್ರಾಕ್ಷಿಯ ಚಪ್ಪರಗಳು, ಹಿಪ್ಪುನೇರಳೆಯ ತೋಟಗಳು, ಸೇವಂತಿಗೆಯ ಸಾಲುಗಳು. ಮುಂದೆ ಕತ್ತಲೆಯೊಳಗಿಂದ ಕತ್ತಲೆಯೇ ಗಟ್ಟಿಯಾದಂತೆ ಬೆಟ್ಟ ಮೇಲೆದ್ದು ನಿಂತಿರುತ್ತದೆ. ಸುತ್ತಿ ಸುತ್ತಿ ಏರುವ ದಾರಿಯ ಒಂದೊಂದು ತಿರುವಿಗೂ ಗಾಳಿ ತಣ್ಣಗಾಗುತ್ತ ಹೋಗುತ್ತದೆ. ಸಮುದ್ರಮಟ್ಟದಿಂದ ೪,೮೫೧ ಅಡಿ ಎತ್ತರದ ನೆತ್ತಿಯನ್ನು ತಲಪುವ ಹೊತ್ತಿಗೆ ಶಾಲು ಹೊದ್ದವರೇ ಜಾಣರು ಎನಿಸುತ್ತದೆ.

ಆ ಬೆಳಗ್ಗೆ ಪೂರ್ವದಿಕ್ಕು ಮೊದಲು ಬೂದಿಬಣ್ಣಕ್ಕೆ, ಅನಂತರ ಕುಂಕುಮದ ಬಣ್ಣಕ್ಕೆ ತಿರುಗಿತು. ಕೆಳಗೆ ನೆಲವೇ ಕಾಣಿಸದು. ಬಿಳಿಯ ಮಂಜು ಕಡಲಿನಂತೆ ತುಂಬಿ, ಸ್ಕಂದಗಿರಿ, ಬ್ರಹ್ಮಗಿರಿ, ಚನ್ನಗಿರಿ ಮೊದಲಾದ ಗಿರಿಗಳ ತಲೆಗಳು ಮಾತ್ರ ನಡುಗಡ್ಡೆಗಳಂತೆ ತೇಲುತ್ತಿದ್ದವು. ಸೂರ್ಯನ ಅಂಚು ಮೂಡಿದಾಗ ಗುಂಪುಗೂಡಿದ್ದ ತರುಣರು ಕೂಗಿಕೊಂಡರು. ಹುಡುಗಿ ಕೂಗಲಿಲ್ಲ. ಮಂಜು ಕರಗಿದ ಮೇಲೆ ಐದು ನದಿಗಳೂ ಒಟ್ಟಿಗೆ ಕಾಣಿಸಿಕೊಳ್ಳುತ್ತವೆಂದು ಅವಳು ಕಾದಿದ್ದಳು.

ಕಾಯುವಷ್ಟು ಹೊತ್ತು ಬೆಟ್ಟವನ್ನು ಸುತ್ತಿದರು. ನಂದಿದುರ್ಗವೆಂಬ ಹೆಸರೇ ಸೂಚಿಸುವಂತೆ ಇದು ಮೊದಲು ಕೋಟೆ. ಪಾಳೆಯಗಾರರು ಕಟ್ಟಿದ್ದನ್ನು ಹೈದರನೂ ಟಿಪ್ಪುವೂ ಬಲಪಡಿಸಿದರು. ೧೭೯೧ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಇದನ್ನು ಮುತ್ತಿ ಹಿಡಿಯಿತು. ಕೋಟೆಯನ್ನು ಗೆದ್ದವರೇ ಮುಂದೆ ಬೇಸಗೆಯನ್ನು ಕಳೆಯಲು ಇಲ್ಲಿಗೆ ಬಂದರು. ಕಮಿಷನರ್ ಮಾರ್ಕ್ ಕಬ್ಬನ್ ಇಲ್ಲಿ ಬಂಗಲೆ ಕಟ್ಟಿಸಿದನು. ಆದರೆ ಜನರ ನೆನಪಿನಲ್ಲಿ ಉಳಿದ ಅತಿಥಿ ಬೇರೆ. ೧೯೨೭ರಲ್ಲಿ ದೇಹಸ್ಥಿತಿ ಕೆಟ್ಟು ಬಳಲಿದ್ದ ಗಾಂಧೀಜಿಯವರು ವಿಶ್ರಾಂತಿಗಾಗಿ ಇಲ್ಲಿ ಉಳಿದರು; ೧೯೩೬ರಲ್ಲಿ ಮತ್ತೊಮ್ಮೆ ಬಂದರು. ಔಷಧಕ್ಕಿಂತ ಇಲ್ಲಿನ ಗಾಳಿಯೇ ಹೆಚ್ಚು ಗುಣ ಮಾಡಿರಬೇಕೆಂದು ತಾತ ಹೇಳಿದರು.

ಬಂಡೆಗಳ ನಡುವೆ ಅಮೃತ ಸರೋವರವಿದೆ. ನಾಲ್ಕು ಕಡೆಯೂ ಕಲ್ಲಿನ ಮೆಟ್ಟಿಲು, ತಳದಲ್ಲಿ ಹಸಿರು ಬೆರೆತ ನೀರು. ಬುಗ್ಗೆಯಿಂದ ಒಸರುವ ಈ ನೀರು ಒಂದು ಕಾಲಕ್ಕೆ ಕೋಟೆಯ ಇಡೀ ದಂಡಿಗೆ ಜೀವಾಧಾರವಾಗಿತ್ತು.

“ತಾತ, ಇದು ನದಿಯೇ?”

“ಅಲ್ಲ ಪುಟ್ಟಿ, ಇದು ಕೊಳ. ನದಿಗೆ ಓಡುವ ಸ್ವಭಾವ. ಇದಕ್ಕೆ ಕುಳಿತಿರುವ ಸ್ವಭಾವ.”

ಒಂಬತ್ತು ಗಂಟೆಗೆ ಮಂಜು ಸರಿಯಿತು. ಯೋಗನಂದೀಶ್ವರನ ಗುಡಿಯ ಬಳಿಯಲ್ಲಿ ನಿಂತರೆ ನಾಲ್ಕು ದಿಕ್ಕಿನ ಸೀಮೆಯೂ ನಕ್ಷೆಯಂತೆ ಹರಡಿತ್ತು. ವಾಯವ್ಯಕ್ಕೆ ಗೌರಿಬಿದನೂರು. ಅದರ ಸಮೀಪದ ವಿದುರಾಶ್ವತ್ಥದಲ್ಲಿ ೧೯೩೮ರ ಏಪ್ರಿಲ್ ೨೫ರಂದು ಧ್ವಜಸತ್ಯಾಗ್ರಹಕ್ಕೆ ನೆರೆದವರ ಮೇಲೆ ಗುಂಡು ಹಾರಿತು. ಪೂರ್ವಕ್ಕೆ ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಶಿಡ್ಲಘಟ್ಟ. ಅದರಾಚೆಗೆ ಚಿಂತಾಮಣಿ, ಅಂಬಾಜಿದುರ್ಗದ ಗುಡ್ಡಗಳು. ತಾತ ಬೆರಳಿನಿಂದ ತೋರಿಸುತ್ತ ಹೋದರು. ಉತ್ತರ ಪಿನಾಕಿನಿ ಗೌರಿಬಿದನೂರಿನ ಮೇಲೆ ಹಾಯ್ದು ಆಂಧ್ರವನ್ನು ಹೊಕ್ಕು, ನೆಲ್ಲೂರಿನ ಬಳಿ ಕಡಲನ್ನು ಸೇರುತ್ತದೆ. ದಕ್ಷಿಣ ಪಿನಾಕಿನಿ ಹೊಸಕೋಟೆಯ ಮಾರ್ಗವಾಗಿ ತಮಿಳುನಾಡಿಗೆ ಹೋಗುತ್ತದೆ. ಪಾಲಾರ್ ಕೋಲಾರದ ಸೀಮೆಯಿಂದ ಹೊರಟು ಅದೇ ನಾಡಿಗೆ ಹರಿಯುತ್ತದೆ. ಚಿತ್ರಾವತಿ ಬಾಗೇಪಲ್ಲಿಯ ಕಡೆಯಿಂದ ಆಂಧ್ರಕ್ಕೆ. ಅರ್ಕಾವತಿಯೊಂದು ಮಾತ್ರ ಕನ್ನಡ ನಾಡಿನಲ್ಲಿಯೇ ಉಳಿದು, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಯ ಕೈ ಹಿಡಿಯುತ್ತದೆ.

ಹುಡುಗಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ನದಿ ಎಲ್ಲಿಯೂ ಕಾಣಲಿಲ್ಲ. ಕಂಡದ್ದು ಅಲ್ಲಲ್ಲಿ ಬಿಸಿಲಿಗೆ ಹೊಳೆಯುವ ಕನ್ನಡಿಯ ಚೂರುಗಳು. ನೀರಿಲ್ಲದ ಕಡೆ ಬೂದುಬಣ್ಣದ ಬರಿಯ ಬಟ್ಟಲುಗಳು.

“ಅವು ಕೆರೆಗಳು. ಐವರು ಹೆಣ್ಣುಮಕ್ಕಳನ್ನು ಹೆತ್ತು, ಐವರನ್ನೂ ಹೊರಗೆ ಕೊಟ್ಟ ಮನೆ ಇದು. ತವರಿನಲ್ಲಿ ಉಳಿದದ್ದು ಇಷ್ಟೇ” ಎಂದರು ತಾತ.

ಮಾತು ಹಾಸ್ಯಕ್ಕೆ ಆಡಿದ್ದಾದರೂ ಅದರಲ್ಲಿ ಈ ಸೀಮೆಯ ಚರಿತ್ರೆಯೆಲ್ಲ ಅಡಗಿದೆ. ಇಲ್ಲಿಯ ಮಳೆ ವರ್ಷಕ್ಕೆ ೭೦೦ರಿಂದ ೮೦೦ ಮಿಲಿಮೀಟರು. ನೆಲದ ಕೆಳಗೆ ಗಟ್ಟಿ ಬಂಡೆ. ಮಳೆ ಬಂದ ನಾಲ್ಕು ದಿನ ತೊರೆಗಳು ಉಕ್ಕುತ್ತವೆ; ಐದನೆಯ ದಿನ ಮರಳು ಮಾತ್ರ ಉಳಿಯುತ್ತದೆ. ಆದುದರಿಂದ ಹಿಂದಿನವರು ಓಡುವ ನೀರಿಗೆ ಅಡ್ಡಲಾಗಿ ಏರಿ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಕೆಳಗಿನದಕ್ಕೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ, ಹೀಗೆ ಸರಪಣಿಯ ಹಾಗೆ ಊರಿಂದೂರಿಗೆ ನೀರು ಇಳಿಯುವ ಏರ್ಪಾಡು. ತೂಬನ್ನು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ನೋಡಿಕೊಳ್ಳಲು ಊರಿಗೊಬ್ಬ ನೀರುಗಂಟಿ. ಬೆಟ್ಟದ ಮೇಲಿನಿಂದ ಪ್ರಕೃತಿಸೌಂದರ್ಯವೆಂದು ಕಾಣುವ ಆ ಕನ್ನಡಿಗಳು ದೇವರು ಇಟ್ಟವಲ್ಲ; ಮನುಷ್ಯರು ಮಣ್ಣು ಹೊತ್ತು ಮಾಡಿದವು.

ಬೆಟ್ಟವನ್ನಿಳಿದು ನಂದಿಗ್ರಾಮಕ್ಕೆ ಬಂದಾಗ ಮಧ್ಯಾಹ್ನ ಸಮೀಪಿಸಿತ್ತು. ಭೋಗನಂದೀಶ್ವರನ ದೇವಾಲಯವನ್ನು ನೋಡದೆ ನಂದಿಬೆಟ್ಟವನ್ನು ಮಾತ್ರ ನೋಡಿ ಹಿಂದಿರುಗುವವರನ್ನು ಕಂಡರೆ ಕನಿಕರವಾಗುತ್ತದೆ. ಬಾಣರಾಜನ ರಾಣಿ ರತ್ನಾವಳಿ ಕಟ್ಟಿಸಿದಳೆಂದು ಹೆಸರಾದ ಈ ಗುಡಿಯ ಉಲ್ಲೇಖ ಒಂಬತ್ತನೆಯ ಶತಮಾನದ ಆದಿಯ ಶಾಸನಗಳಲ್ಲಿಯೇ ಇದೆ. ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು, ಹೀಗೆ ಬಂದ ಬಂದ ಅರಸರೆಲ್ಲ ಹಳೆಯದನ್ನು ಕೆಡವದೆ ತಮ್ಮ ಪಾಲನ್ನು ಸೇರಿಸುತ್ತ ಹೋದರು. ಅರುಣಾಚಲೇಶ್ವರ, ಭೋಗನಂದೀಶ್ವರ ಎಂಬ ಎರಡು ಗುಡಿಗಳು ಅಕ್ಕಪಕ್ಕದಲ್ಲಿ. ನಡುವೆ ಉಮಾಮಹೇಶ್ವರನ ಚಿಕ್ಕ ಗುಡಿ. ಅದರ ಮುಂದಿನ ಕಪ್ಪುಕಲ್ಲಿನ ಕಲ್ಯಾಣಮಂಟಪದ ಕಂಬಗಳಲ್ಲಿ ಬಳ್ಳಿಗಳೂ ಗಿಳಿಗಳೂ ನಿನ್ನೆ ಕೆತ್ತಿದಂತೆ ನುಣುಪಾಗಿವೆ. ಅರುಣಾಚಲನು ಬಾಲಕ, ಭೋಗನಂದಿಯು ಯುವಕ, ಬೆಟ್ಟದ ಮೇಲಿರುವ ಯೋಗನಂದಿಯು ವಿರಕ್ತ ಎಂದು ಅರ್ಚಕರು ವಿವರಿಸುತ್ತಾರೆ. ಭೋಗದ ಸ್ವಾಮಿಗೆ ಬುಡದಲ್ಲಿ ಸಂಸಾರ. ಯೋಗದ ಸ್ವಾಮಿಗೆ ನೆತ್ತಿಯಲ್ಲಿ ಏಕಾಂತ. ಶಿವರಾತ್ರಿಯ ಸಮಯದಲ್ಲಿ ಇಲ್ಲಿ ತೇರು ಎಳೆದಾಗ ಸುತ್ತಣ ಹಳ್ಳಿಗಳೆಲ್ಲ ಬಂದು ಸೇರುತ್ತವೆ.

ಒಳಗಿನ ಪ್ರಾಕಾರದಲ್ಲಿ ಶೃಂಗಿತೀರ್ಥ. ನಾಲ್ಕು ಕಡೆಯೂ ಕಲ್ಲಿನ ಮಂಟಪಗಳ ಸಾಲು, ನಡುವೆ ಮೆಟ್ಟಿಲಿಳಿಯುವ ಕಲ್ಯಾಣಿ. ನಂದಿಯು ಕೊಂಬಿನಿಂದ ನೆಲವನ್ನು ತಿವಿದು ಗಂಗೆಯನ್ನು ಬರಿಸಿದನೆಂದು ಕತೆ. ದಕ್ಷಿಣ ಪಿನಾಕಿನಿ ಹುಟ್ಟುವುದು ಇಲ್ಲಿಯೇ ಎಂದು ಊರಿನವರ ನಂಬಿಕೆ. ಹುಡುಗಿ ಮೆಟ್ಟಿಲಿನ ಅಂಚಿನವರೆಗೆ ಓಡಿದಳು. ನೀರು ನಿಶ್ಚಲವಾಗಿತ್ತು. ಕಟಾಂಜನದ ಬಾಗಿಲಿಗೆ ಬೀಗ ಹಾಕಿತ್ತು.

“ಇದೂ ಕುಳಿತೇ ಇದೆ” ಎಂದಳು.

ಹೊರಗಿನ ಮರದ ನೆರಳಿನಲ್ಲಿ ಪುಳಿಯೋಗರೆ, ಮೊಸರನ್ನದ ಊಟವಾಯಿತು. ತಾತ ತಮ್ಮ ಬಾಲ್ಯದ ಪುಟ್ಟ ರೈಲನ್ನು ನೆನೆದರು. ಯಲಹಂಕದಿಂದ ನಂದಿ ನಿಲ್ದಾಣದ ಮೇಲೆ ಚಿಕ್ಕಬಳ್ಳಾಪುರಕ್ಕೆ ೧೯೧೫ರಲ್ಲಿ ಹಾಕಿದ ಕಿರಿದಾದ ಹಳಿಗಳ ಮೇಲೆ ಅದು ಓಡುತ್ತಿತ್ತು. ಏರು ಬಂದಾಗ ಹುಡುಗರು ಕೆಳಗಿಳಿದು ಅದರ ಪಕ್ಕದಲ್ಲಿ ನಡೆಯುತ್ತಿದ್ದರಂತೆ. ಈಗ ಆ ಹಳಿಗಳಿಲ್ಲ, ಅಗಲ ಹಳಿಯ ರೈಲು ಓಡುತ್ತದೆ. “ಆ ರೈಲಿನ ಕಿಟಕಿಯಿಂದ ಕೆರೆಗಳನ್ನು ಎಣಿಸುವುದೇ ನಮಗೆ ಆಟ. ಎಣಿಕೆ ತಪ್ಪಿಹೋಗುತ್ತಿತ್ತು” ಎಂದರು.

ಅಲ್ಲಿಂದ ಮುದ್ದೇನಹಳ್ಳಿ ಹತ್ತಿರ. ಬೆಟ್ಟದ ನೆರಳಿನಲ್ಲಿರುವ ಸಣ್ಣ ಊರು. ೧೮೬೧ರಲ್ಲಿ ಇಲ್ಲಿ ಹುಟ್ಟಿದ ಬಾಲಕನೊಬ್ಬ ನೀರನ್ನು ಕಟ್ಟುವ ವಿದ್ಯೆಯಲ್ಲಿ ದೇಶಕ್ಕೇ ಗುರುವಾದನು. ವಿಶ್ವೇಶ್ವರಯ್ಯನವರ ಮನೆಯನ್ನು ಸ್ಮಾರಕವಾಗಿ ಕಾಪಾಡಿದ್ದಾರೆ; ೧೯೬೨ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಇಲ್ಲಿಯೇ, ಅಚ್ಚುಕಟ್ಟಾದ ತೋಟದ ನಡುವೆ ಇದೆ. ಅಲ್ಲಿ ನಿಂತವರಿಗೆ ಒಂದು ವಿಚಾರ ಹೊಳೆಯದೆ ಇರದು. ಕನ್ನಂಬಾಡಿಯಲ್ಲಿ ಕಾವೇರಿಯನ್ನು ತಡೆದು ಮಂಡ್ಯದ ಬಯಲನ್ನು ಹಸಿರು ಮಾಡಿದ ಮಹನೀಯರ ಹುಟ್ಟೂರಿನ ಸೀಮೆಗೆ ತಡೆಯಲು ನದಿಯೇ ಇರಲಿಲ್ಲ.

ಇದ್ದ ಅರ್ಕಾವತಿಯೂ ಬೆಂಗಳೂರಿನ ಪಾಲಾಯಿತು. ೧೮೯೪ರಲ್ಲಿ ಹೆಸರಘಟ್ಟದ ಕೆರೆಯಿಂದ ಬೆಂಗಳೂರಿಗೆ ಮೊತ್ತಮೊದಲು ಕೊಳಾಯಿಯ ನೀರು ಒದಗಿದ್ದು ಈ ಹೊಳೆಯಿಂದ. ಅದು ಸಾಲದಾದಾಗ, ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಸಮಿತಿಯ ಸಲಹೆಯಂತೆ, ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಸಿದ್ಧವಾದದ್ದೂ ಇದೇ ಹೊಳೆಗೆ. ೧೯೭೪ರಲ್ಲಿ ಕಾವೇರಿಯ ನೀರು ಬರುವವರೆಗೆ ಬೆಂಗಳೂರಿನ ಮನೆಮನೆಯ ಹಂಡೆಯಲ್ಲಿ ಕಾದದ್ದು ಬಹುಪಾಲು ನಂದಿಬೆಟ್ಟದ ಕಡೆಯಿಂದ ಇಳಿದ ನೀರೇ. ಈ ಋಣದ ಲೆಕ್ಕವನ್ನು ನಗರದವರು ಬರೆದಿಟ್ಟುಕೊಂಡಂತೆ ತೋರದು.

ಚಿಕ್ಕಬಳ್ಳಾಪುರವನ್ನು ತಲಪಿದಾಗ ಬಿಸಿಲು ಇಳಿಮುಖವಾಗಿತ್ತು. ೨೦೦೭ರಲ್ಲಿ ಕೋಲಾರದಿಂದ ಬೇರೆಯಾಗಿ ಜಿಲ್ಲೆಯ ಮುಖ್ಯಪಟ್ಟಣವಾದ ಮೇಲೆ ಊರು ಬೆಳೆದಿದೆ. ಪೇಟೆಯಲ್ಲಿ ಗುಲಾಬಿಯ ರಾಶಿ, ಸೇವಂತಿಗೆಯ ಮೂಟೆ. ತಳ್ಳುಗಾಡಿಗಳಲ್ಲಿ ದ್ರಾಕ್ಷಿಯ ಗೊಂಚಲು. ಸೊಸೆ ಎರಡು ಮೊಳ ಹೂ ಕೊಂಡು ಮುಡಿದರು. ಮಗ ಅರ್ಧ ಬುಟ್ಟಿ ದ್ರಾಕ್ಷಿ ಕೊಂಡರು. ಪಟ್ಟಣದ ಮಗ್ಗುಲಲ್ಲಿಯೇ ಇರುವ ಕಂದವಾರದ ಕೆರೆಯನ್ನು ಕಡೆಗೆ ನೋಡಬೇಕೆಂದು ಉಳಿಸಿಕೊಂಡಿದ್ದರು.

ಉಳಿಸಿಕೊಂಡದ್ದು ಸಾರ್ಥಕವೆನಿಸಿತು. ಏರಿಯ ಮೇಲೆ ಹತ್ತಿ ನಿಂತರೆ ವಿಶಾಲವಾದ ನೀರು, ಅದರಾಚೆ ಗಿರಿಗಳ ಸಾಲು, ಸಾಲಿನ ಹಿಂದಕ್ಕೆ ಜಾರುತ್ತಿರುವ ಸೂರ್ಯ. ಬೆಟ್ಟಗಳೆಲ್ಲ ನೀರಿನಲ್ಲಿ ತಲೆಕೆಳಗಾಗಿ ನಿಂತಿದ್ದವು. ಕೊಕ್ಕರೆಗಳು ಗುಂಪಾಗಿ ಹಾರಿ ಬಂದು ದಡದ ಜಾಲಿಯ ಮರಗಳ ಮೇಲೆ ಬಿಳಿಯ ಹೂಗಳಂತೆ ಕುಳಿತವು. ಬೆಳಗ್ಗೆಯಿಂದ ನೋಡಿದ್ದರಲ್ಲಿ ಇದಕ್ಕಿಂತ ಚೆಲುವಾದ ನೋಟವಿರಲಿಲ್ಲ. ಹುಡುಗಿ ಚೀಲದಿಂದ ಲಂಗವನ್ನು ತೆಗೆದು ತಾಯಿಯ ಕೈಗೆ ಕೊಟ್ಟು, ಚಪ್ಪಲಿಯನ್ನು ಬಿಟ್ಟಳು.

ಏರಿಯ ಕಲ್ಲಿನ ಮೇಲೆ ಕುಳಿತು ಹಸುವನ್ನು ಕಾಯುತ್ತಿದ್ದ ವೃದ್ಧನೊಬ್ಬ ಮೆಲ್ಲಗೆ ಹೇಳಿದನು:

“ಮಗೂನ ನೀರಿಗೆ ಇಳಿಸಬೇಡಿ ತಾಯಿ.”

“ಆಳವೇ ಯಜಮಾನರೇ?” ಎಂದು ತಾತ ಕೇಳಿದರು.

“ಆಳ ಅಂತಲ್ಲ ಸ್ವಾಮಿ. ಇದು ಬೆಂಗಳೂರಿನ ನೀರು.”

ಒಂದು ಗಳಿಗೆ ಯಾರೂ ಮಾತನಾಡಲಿಲ್ಲ. ವೃದ್ಧನೇ ಮುಂದುವರಿಸಿದನು. “ನಮ್ಮಪ್ಪನ ಕಾಲದಲ್ಲಿ ಕೆರೆ ತುಂಬಿದರೆ ಬಾವಿಗೆ ಬಗ್ಗಿ ಬಿಂದಿಗೇಲಿ ನೀರು ಎತ್ತಬಹುದಾಗಿತ್ತು. ಆಮೇಲೆ ಬಾವಿ ಬತ್ತಿತು, ಬೋರು ಬಂತು. ಮುನ್ನೂರು ಅಡಿ, ಆರುನೂರು ಅಡಿ, ಸಾವಿರ ಅಡಿ. ಸಾಲ ಮಾಡಿ ಕೊರೆಸಿದ್ದು, ಬಂದದ್ದು ಧೂಳು. ಕೆರೇಲಿ ಹುಡುಗರು ಚೆಂಡಾಟ ಆಡ್ತಿದ್ದರು. ಈಗ ಈ ನೀರು ಬಿಟ್ಟ ಮೇಲೆ ನಮ್ಮ ಬೋರಿಗೆ ಜೀವ ಬಂದಿದೆ. ಸುಳ್ಳು ಹೇಳಬಾರದು. ಹೂವಿನ ತೋಟ ಉಳೀತು.”

“ಹಾಗಾದರೆ ಒಳ್ಳೆಯದೇ ಆಯಿತಲ್ಲ?”

“ನೀರು ಬಂತು ಅಂತ ಸಂತೋಷ. ಎಂಥ ನೀರು ಬಂತು ಅಂತ ಯೋಚನೆ. ಎರಡೂ ಇದೆ ಸ್ವಾಮಿ.”

ವೃದ್ಧನ ಮಾತಿನ ಹಿಂದಿರುವ ವಿಷಯವನ್ನು ಬೆಂಗಳೂರಿನ ಓದುಗರು ತಿಳಿಯಬೇಕು. ಕಾವೇರಿಯ ನೀರು ತೊರೆಕಾಡನಹಳ್ಳಿಯಿಂದ ಸುಮಾರು ೧೦೦ ಕಿಲೋಮೀಟರ್ ದೂರ ಕೊಳವೆಗಳಲ್ಲಿ ಸಾಗಿ, ಸುಮಾರು ೫೦೦ ಮೀಟರ್ ಎತ್ತರಕ್ಕೆ ಪಂಪುಗಳಿಂದ ಏರಿ ನಗರವನ್ನು ಮುಟ್ಟುತ್ತದೆ. ಅಲ್ಲಿ ಅನ್ನವಾಗಿ, ಸ್ನಾನವಾಗಿ, ಬಟ್ಟೆ ತೊಳೆದು, ಚರಂಡಿ ಸೇರುತ್ತದೆ. ಹೆಬ್ಬಾಳ ಮತ್ತು ನಾಗವಾರದ ಕಣಿವೆಗಳಿಗೆ ಇಳಿಯುವ ಆ ನೀರನ್ನು ಎರಡು ಹಂತಗಳಲ್ಲಿ ಶುದ್ಧಗೊಳಿಸಿ, ದಿನಕ್ಕೆ ೨೧ ಕೋಟಿ ಲೀಟರಿನಷ್ಟನ್ನು ಬೆಂಗಳೂರಿನ ಸುತ್ತಣ ಹಾಗೂ ಚಿಕ್ಕಬಳ್ಳಾಪುರ ಜಿಲ್ಲೆಯ ೬೫ ಕೆರೆಗಳಿಗೆ ಹರಿಸುವುದು ಸರಕಾರದ ಯೋಜನೆ. ಕುಡಿಯಲು ಅಲ್ಲ, ನೆಲಕ್ಕೆ ಇಂಗಿ ಅಂತರ್ಜಲ ಹೆಚ್ಚಲೆಂದು. ಇದೇ ಬಗೆಯ ನೀರು ೨೦೧೮ರಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ಕೋಲಾರದ ಕೆರೆಗಳಿಗೆ ಮೊದಲು ಬಂದಾಗ, ಕೆಲವೇ ವಾರಗಳಲ್ಲಿ ಅಲ್ಲಿ ನೊರೆ ಕಾಣಿಸಿಕೊಂಡು ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂದು ಇಲ್ಲಿನ ರೈತರು ಬಹುಕಾಲದಿಂದ ಕೇಳುತ್ತ ಬಂದಿದ್ದಾರೆ. ಕೆರೆಯ ನೀರು ಇಂದು ಕೊಳವೆಬಾವಿಗೆ ಇಳಿದರೆ ನಾಳೆ ಅದೇ ಹಳ್ಳಿಯ ಕೊಡಕ್ಕೆ ಬರುತ್ತದೆ ಎಂಬುದು ಅವರ ವಾದ. ವಾದದಲ್ಲಿ ದೋಷವಿಲ್ಲ.

ಪಡುವಣದ ಎತ್ತಿನಹೊಳೆಯಿಂದ ಈ ಸೀಮೆಗೆ ಹೊಸ ನೀರು ತರುವ ಕಾರ್ಯಕ್ಕೆ ೨೦೧೪ರಲ್ಲಿ ಅಡಿಗಲ್ಲು ಬಿದ್ದುದು ಮುದ್ದೇನಹಳ್ಳಿಯಲ್ಲಿಯೇ. ಅದರ ಮೊದಲ ಹಂತಕ್ಕೆ ಸಕಲೇಶಪುರದ ಕಡೆಯಲ್ಲಿ ಚಾಲನೆ ದೊರೆತದ್ದು ೨೦೨೪ರ ಸೆಪ್ಟೆಂಬರಿನಲ್ಲಿ. ಘಟ್ಟದ ಕಾಡಿನಿಂದ ನೀರೆತ್ತುವುದು ಯುಕ್ತವೇ ಎಂಬ ವಿವಾದ ಬೇರೆ ಇದೆ. ೨೦೨೧ರ ನವೆಂಬರಿನ ಮಳೆಗೆ ಜಿಲ್ಲೆಯ ಎಷ್ಟೋ ಕೆರೆಗಳು ತಾವಾಗಿಯೇ ಕೋಡಿ ಹರಿದಾಗ ಜನರು ಗಂಗೆಗೆ ಬಾಗಿನ ಬಿಟ್ಟರು. ಕಾಲುವೆಗಳ ಹೂಳು ತೆಗೆದಿದ್ದ ಊರಿಗೆ ಆ ಮಳೆ ಹೆಚ್ಚು ದಕ್ಕಿತು. ಕಾಲುವೆಯನ್ನು ಮುಚ್ಚಿ ಮನೆ ಕಟ್ಟಿದ್ದ ಊರಿಗೆ ಅದೇ ಮಳೆ ಮನೆಯೊಳಗೆ ನುಗ್ಗಿತು. ದೂರದ ನೀರು ಬಂದರೂ ಬಾರದಿದ್ದರೂ ಏರಿ, ತೂಬು, ಕಾಲುವೆಗಳನ್ನು ಕಾಯ್ದುಕೊಳ್ಳುವ ಕೆಲಸ ತಪ್ಪಿದ್ದಲ್ಲ.

ಯೋಚಿಸಿದರೆ ವಿಚಿತ್ರವೆನಿಸುತ್ತದೆ. ನಂದಿಬೆಟ್ಟ ಬೆಂಗಳೂರಿಗೆ ಕೊಟ್ಟದ್ದು ಹುಟ್ಟಿದ ನೀರು. ಬೆಂಗಳೂರು ನಂದಿಬೆಟ್ಟಕ್ಕೆ ಹಿಂದಿರುಗಿಸಿದ್ದು ಬಳಸಿದ ನೀರು. ಮುದ್ದೇನಹಳ್ಳಿಯ ಮಗ ಕನ್ನಂಬಾಡಿಯಲ್ಲಿ ಕಟ್ಟಿದ ಕಾವೇರಿ, ಲಕ್ಷಾಂತರ ಮನೆಗಳ ಬಚ್ಚಲುಗಳನ್ನು ಹಾದು, ಕೊನೆಗೆ ಅವರ ತವರಿನ ಬಾಗಿಲಿಗೆ ಬಂದು ನಿಂತಿದೆ. ಬಂದವಳನ್ನು ಬೇಡವೆನ್ನುವ ಸ್ಥಿತಿಯಲ್ಲಿ ತವರು ಇಲ್ಲ. ಕಳುಹಿಸುವವರು ಕೊಳೆ ತೊಳೆದು ಕಳುಹಿಸಬೇಕಾದದ್ದು ಮರ್ಯಾದೆ.

ಸೂರ್ಯ ಮುಳುಗಿದನು. ನೀರಿನ ಮೇಲಿನ ಕೆಂಪು ನಿಧಾನವಾಗಿ ಕಪ್ಪಾಯಿತು. ಹುಡುಗಿ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡಳು. ಮಡಿಕೆ ಬಿಚ್ಚದ ಲಂಗ ಚೀಲಕ್ಕೆ ಹಿಂದಿರುಗಿತು. ವೃದ್ಧ ಹಸುವಿನ ಹಗ್ಗ ಹಿಡಿದು, “ಮಳೆಗಾಲದಲ್ಲಿ ಬನ್ನಿ ಸ್ವಾಮಿ, ಬೆಟ್ಟದ ನೀರು ಬಂದಿದ್ದರೆ ಮಗು ಆಡಲಿ” ಎಂದು ಹೇಳಿ ಏರಿಯಿಂದ ಇಳಿದು ಹೋದನು.

ಹೆಬ್ಬಾಳದ ಮನೆಯನ್ನು ಸೇರಿದಾಗ ರಾತ್ರಿ ಒಂಬತ್ತು. ತಾತ ಬಚ್ಚಲಿನಲ್ಲಿ ನಲ್ಲಿಯನ್ನು ತಿರುಗಿಸಿ ಕಾಲು ತೊಳೆದುಕೊಳ್ಳುತ್ತಿದ್ದರು. ದಿನದ ಧೂಳು ಕೆಂಪಾಗಿ ಕರಗಿ, ಮೂಲೆಯ ತೂತಿನಲ್ಲಿ ಸುಳಿಯಾಗಿ ಇಳಿಯುತ್ತಿತ್ತು. ಮೊಮ್ಮಗಳು ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದಳು.

“ತಾತ, ಈ ನೀರು ಈಗ ಆ ಕೆರೆಗೆ ಹೊರಟಿತೇ?”

ತಾತ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ, “ಹೊರಟಿತು, ಪುಟ್ಟಿ” ಎಂದರು.